ಯಜಮಾನನಿಲ್ಲದ ಲೆಕ್ಕದ ಪುಸ್ತಕ

2022ರ ಸೆಪ್ಟೆಂಬರ್ 15, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 12 ನಿಮಿಷ. ಎಥೀರಿಯಂ ಎಂಬ ಕ್ರಿಪ್ಟೊ ಜಾಲದಲ್ಲಿ 15537393ನೇ ಬ್ಲಾಕ್ ಬರೆದು ಮುಗಿಯಿತು. ಅದರ ಮುಂದಿನ ಬ್ಲಾಕ್ ಬರೆಯುವ ವಿಧಾನವೇ ಬೇರೆಯಾಗಿತ್ತು. ಜಾಲ ಬಾಗಿಲು ಮುಚ್ಚಲಿಲ್ಲ, ಯಾರ ಖಾತೆಯ ಲೆಕ್ಕವೂ ಏರುಪೇರಾಗಲಿಲ್ಲ. 'ಮರ್ಜ್' ಎಂದು ಹೆಸರಾದ ಈ ಬದಲಾವಣೆಯ ಮಾತು ಬಂದಾಗ ಹೆಚ್ಚಿನವರು ಉಳಿತಾಯವಾದ ಕರೆಂಟಿನ ಬಗ್ಗೆ ಹೇಳುತ್ತಾರೆ. ನನಗೆ ಬೆರಗು ಹುಟ್ಟಿಸುವುದು ಬೇರೆ ಪ್ರಶ್ನೆ. ಯಜಮಾನನೇ ಇಲ್ಲದ ಕಡೆ ಸಾವಿರಾರು ಕಂಪ್ಯೂಟರುಗಳು ಒಂದೇ ಗಳಿಗೆಯಲ್ಲಿ ನಿಯಮ ಬದಲಿಸಿಕೊಂಡದ್ದು ಹೇಗೆ?

ಬ್ಯಾಂಕಾದರೆ ಭಾನುವಾರ ರಾತ್ರಿ ಸೇವೆ ನಿಲ್ಲಿಸಿ, ಹೊಸ ಸಾಫ್ಟ್‌ವೇರ್ ಹಾಕಿ, ಸೋಮವಾರ ಬೆಳಗ್ಗೆ ಬಾಗಿಲು ತೆರೆಯುತ್ತದೆ. ಎಥೀರಿಯಂಗೆ ಹೆಡ್ ಆಫೀಸು ಇಲ್ಲ. ಅದು ಜಗತ್ತಿನ ಎಲ್ಲೆಲ್ಲೋ ಇರುವ ಕಂಪ್ಯೂಟರುಗಳು ಒಂದೊಂದು ಪ್ರತಿ ಇಟ್ಟುಕೊಂಡಿರುವ ಲೆಕ್ಕದ ಪುಸ್ತಕ. ಅದರ ಒಂದೊಂದು ಪುಟವೇ ಒಂದು ಬ್ಲಾಕ್.

ಮುಂದಿನ ಪುಟ ಯಾರು ಬರೆಯಬೇಕು? ಕೈ ಎತ್ತಿಸಿ ಎಣಿಸುವಂತಿಲ್ಲ, ಒಬ್ಬನೇ ಸಾವಿರ ಹೆಸರಲ್ಲಿ ಬರಬಹುದು. ಹಳೆಯ ಪದ್ಧತಿಯಲ್ಲಿ ಇದಕ್ಕೆ ಉತ್ತರ ಒಗಟು. ಪುಟಕ್ಕೆ ಒಂದು ಸಂಖ್ಯೆ ಸೇರಿಸಿ ಹ್ಯಾಶ್ ಎಂಬ ಲೆಕ್ಕದ ಗಿರಣಿಗೆ ಹಾಕಬೇಕು. ಹೊರಬಂದ ಉತ್ತರ ನಿಗದಿತ ಮಿತಿಗಿಂತ ಚಿಕ್ಕದಾಗಿದ್ದರೆ ಗೆದ್ದಂತೆ. ಸೇರಿಸಿದ ಸಂಖ್ಯೆಯನ್ನು ಒಂದೇ ಒಂದರಷ್ಟು ಹೆಚ್ಚಿಸಿದರೂ ಉತ್ತರ ಪೂರ್ತಿ ಬದಲಾಗುತ್ತದೆ. ಹಾಗಾಗಿ ಇಲ್ಲಿ ಜಾಣತನ ನಡೆಯದು, ಒಂದಾದ ಮೇಲೊಂದು ಸಂಖ್ಯೆ ಹಾಕಿ ನೋಡುತ್ತಲೇ ಇರಬೇಕು. ಈ ಕೆಲಸಕ್ಕೆಂದು 'ಮೈನರ್' ಎನಿಸಿಕೊಂಡ ಒಗಟು ಬಿಡಿಸುವವರು ಸಾಲುಸಾಲು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಹಗಲು ರಾತ್ರಿ ಓಡಿಸುತ್ತಿದ್ದರು. ಸುಳ್ಳು ಬರೆಯುವುದು ದುಬಾರಿಯಾಗಿದ್ದುದು ಕರೆಂಟ್ ಬಿಲ್ಲಿನಿಂದ.

ಹೊಸ ಪದ್ಧತಿಯಲ್ಲಿ ಒಗಟಿನ ಜಾಗಕ್ಕೆ ಠೇವಣಿ ಬಂತು. ಈ ಜಾಲದ ನಾಣ್ಯದ ಹೆಸರು ಈಥರ್, 32 ಈಥರ್ ಕಟ್ಟಿದವರು 'ವ್ಯಾಲಿಡೇಟರ್' ಆಗುತ್ತಾರೆ. ಪ್ರತಿ 12 ಸೆಕೆಂಡಿಗೆ ಚೀಟಿ ಎತ್ತಿದಂತೆ ಒಬ್ಬರಿಗೆ ಪುಟ ಬರೆಯುವ ಸರದಿ, ಉಳಿದವರಲ್ಲಿ ಒಂದು ತಂಡಕ್ಕೆ ಸರಿಯಿದೆ ಎಂದು ಸಹಿ ಹಾಕುವ ಕೆಲಸ. ನಮ್ಮ ಚುನಾವಣೆಯಲ್ಲಿ ಕಡಿಮೆ ಮತ ಬಂದರೆ ಠೇವಣಿ ಹೋಗುತ್ತದೆ, ಇಲ್ಲಿ ಮೋಸ ಮಾಡಿದರೆ ಹೋಗುತ್ತದೆ. ಒಂದೇ ಸರದಿಗೆ ಎರಡು ಬೇರೆ ಬೇರೆ ಪುಟ ಬರೆದರೆ ಎರಡರಲ್ಲೂ ಅವರದೇ ಸಹಿ ಇರುತ್ತದೆ, ಬೇರೆ ಸಾಕ್ಷಿ ಬೇಕಿಲ್ಲ. ಠೇವಣಿಯ ಒಂದು ಪಾಲು ಸುಟ್ಟುಹೋಗುತ್ತದೆ, ವ್ಯಾಲಿಡೇಟರ್ ಹೊರಬೀಳುತ್ತಾರೆ. ಜಾಲದ ಬೆಳವಣಿಗೆಗೆ ನೆರವಾಗುವ ಎಥೀರಿಯಂ ಫೌಂಡೇಶನ್ ಎಂಬ ಸಂಸ್ಥೆಯ ಅಂದಾಜಿನಂತೆ ಜಾಲದ ವಿದ್ಯುತ್ ಬಳಕೆ ಸುಮಾರು 99.95% ಇಳಿಯಿತು.

ಹೊಸ ಪದ್ಧತಿಯನ್ನು ಏಕಾಏಕಿ ತರಲಿಲ್ಲ. 2020ರ ಡಿಸೆಂಬರ್ 1ರಿಂದಲೇ 'ಬೀಕನ್ ಚೈನ್' ಎಂಬ ಇನ್ನೊಂದು ಬ್ಲಾಕ್‌ಗಳ ಸರಪಳಿ ಪಕ್ಕದಲ್ಲಿ ಓಡುತ್ತಿತ್ತು. ಅದರಲ್ಲಿ ಜನರ ವ್ಯವಹಾರ ಇರಲಿಲ್ಲ, ಠೇವಣಿ ಇಟ್ಟವರು ಪರಸ್ಪರ ಒಪ್ಪಿಗೆಗೆ ಬರುವ ಅಭ್ಯಾಸವಷ್ಟೇ. ಇದನ್ನು ಹಳೆಯ ಸರಪಳಿಯೊಂದಿಗೆ ಸೇರಿಸಿದ್ದೇ ಮರ್ಜ್, ಅಂದರೆ ವಿಲೀನ. 2022ರ ಬೇಸಿಗೆ ಕಳೆದ ಮೇಲೆ ರೋಪ್‌ಸ್ಟನ್, ಸೆಪೋಲಿಯಾ, ಗೋರ್ಲಿ ಎಂಬ ಪರೀಕ್ಷಾ ಜಾಲಗಳಲ್ಲಿ ಒಂದಾದ ಮೇಲೊಂದರಂತೆ ತಾಲೀಮು ನಡೆಯಿತು.

ಇನ್ನು ಮುಹೂರ್ತ. ಇಂಥ ಸಂಖ್ಯೆಯ ಬ್ಲಾಕ್ ಬಂದಾಗ ಬದಲಾಗೋಣ ಎಂದು ಮೊದಲೇ ಗೊತ್ತು ಮಾಡಿದರೆ ಸಾಲದೇ? ಸಾಲದು. ಯಾರಾದರೂ ಗುಟ್ಟಾಗಿ ಕವಲು ಹೊಡೆದು, ಸುಲಭದ ಒಗಟಿನ ಪುಟಗಳನ್ನು ಸೇರಿಸುತ್ತಾ ಹೋಗಿ ಆ ಸಂಖ್ಯೆ ಮುಟ್ಟಿ, 'ನನ್ನದೇ ಅಸಲಿ ಪುಸ್ತಕ' ಎನ್ನಬಹುದಿತ್ತು. ಅದಕ್ಕೇ ಪುಟದ ಸಂಖ್ಯೆಯನ್ನು ಬಿಟ್ಟು, 2015ರ ಮೊದಲ ಪುಟದಿಂದ ಎಲ್ಲ ಒಗಟುಗಳ ಕಷ್ಟವನ್ನು ಕೂಡಿಸಿದರೆ ಬರುವ ಮೊತ್ತವನ್ನೇ ಗುರುತಾಗಿ ಇಟ್ಟರು: 58,750ರ ಮುಂದೆ 18 ಸೊನ್ನೆ. ಪುಟದ ಸಂಖ್ಯೆಯನ್ನು ಅಗ್ಗದಲ್ಲಿ ಮುಟ್ಟಬಹುದು, ಈ ಮೊತ್ತವನ್ನು ಅಷ್ಟು ಕರೆಂಟ್ ಸುಡದೆ ಮುಟ್ಟಲಾಗದು. ನಿಖರ ಗಳಿಗೆ ಯಾವುದೆಂದು ಮುಂಚಿತವಾಗಿ ಯಾರಿಗೂ ಗೊತ್ತಿರಲಿಲ್ಲ, ಅದು ಮೈನರ್‌ಗಳ ವೇಗದ ಮೇಲೆ ನಿಂತಿತ್ತು. ಪ್ರತಿ ಕಂಪ್ಯೂಟರೂ ತನ್ನಷ್ಟಕ್ಕೆ ಮೊತ್ತ ಕೂಡಿಸುತ್ತಾ, ಗುರುತು ಬಂದಾಗ ತಾನೇ ಹೊಸ ನಿಯಮಕ್ಕೆ ಹೊರಳಿತು. ಗಂಟೆ ಹೊಡೆಯುವವರೇ ಬೇಕಾಗಲಿಲ್ಲ. ಈ ಯೋಜನೆಯಲ್ಲಿ ಇಷ್ಟು ಚೆಂದದ ಭಾಗ ನನಗೆ ಬೇರೆ ಕಂಡಿಲ್ಲ.

ಒಪ್ಪದವರೂ ಇದ್ದರು. ಕೆಲವು ಮೈನರ್‌ಗಳು ಹಳೆಯ ನಿಯಮವನ್ನೇ ಹಿಡಿದು ಬೇರೆ ನಾಣ್ಯ ಮಾಡಿಕೊಂಡರು. ಅವರನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ.

ಶುಲ್ಕ ಇಳಿಯುತ್ತದೆ ಎಂದು ಕಾದವರಿಗೆ ನಿರಾಸೆಯಾಯಿತು. ಶುಲ್ಕವನ್ನು ತೀರ್ಮಾನಿಸುವುದು ಪುಟದಲ್ಲಿರುವ ಜಾಗ ಮತ್ತು ಅದಕ್ಕಿರುವ ನೂಕುನುಗ್ಗಲು. ಪುಟ ಬರೆಯುವವರು ಬದಲಾದರೇ ಹೊರತು ಪುಟ ದೊಡ್ಡದಾಗಲಿಲ್ಲ. ಈಥರ್ ಇಟ್ಟುಕೊಂಡ ಸಾಮಾನ್ಯರು ಮಾಡಬೇಕಾದದ್ದು ಏನೂ ಇರಲಿಲ್ಲ. 'ಹಳೆಯ ನಾಣ್ಯ ಕಳಿಸಿ, ಹೊಸದು ಕೊಡುತ್ತೇವೆ' ಎಂದು ಯಾರಾದರೂ ಕೇಳಿದರೆ ಅದು ಶುದ್ಧ ವಂಚನೆ.

ನನ್ನ ಅಳುಕು ಬೇರೆ ಕಡೆ ಇದೆ. ಒಟ್ಟು ಠೇವಣಿಯ ಮೂರನೇ ಒಂದು ಭಾಗ ಒಂದೇ ಗುಂಪಿನ ಕೈಗೆ ಸೇರಿದರೆ, ಪುಟಗಳಿಗೆ 'ಇನ್ನು ಬದಲಾಗದು' ಎಂಬ ಅಂತಿಮ ಮುದ್ರೆ ಬೀಳದಂತೆ ಅದು ತಡೆಹಿಡಿಯಬಹುದು. ಸಣ್ಣವರ ಈಥರನ್ನು ಒಟ್ಟುಗೂಡಿಸಿ ಠೇವಣಿ ಕಟ್ಟುವ ದೊಡ್ಡ ಸೇವೆಗಳು ಬೆಳೆದಷ್ಟೂ ಈ ಅಪಾಯ ಹತ್ತಿರ ಬರುತ್ತದೆ.

ಇಷ್ಟಾದರೂ ಕಟ್ಟಿದ ಠೇವಣಿಯನ್ನು ವಾಪಸ್ ಪಡೆಯುವ ವ್ಯವಸ್ಥೆ ಮರ್ಜ್‌ನಲ್ಲಿ ಇರಲಿಲ್ಲ. ಅದು ಬಂದದ್ದು 2023ರ ಏಪ್ರಿಲ್ 12ರ ಇನ್ನೊಂದು ಬದಲಾವಣೆಯಲ್ಲಿ. 2020ರಲ್ಲೇ 32 ಈಥರ್ ಕಟ್ಟಿದವರು ಎರಡು ವರ್ಷಕ್ಕೂ ಹೆಚ್ಚು ಕಾಲ, ಹೊರಬರುವ ಬಾಗಿಲು ಇನ್ನೂ ಕಟ್ಟಿರದ ಮನೆಯೊಳಗೆ ಕುಳಿತು ಪುಟಗಳಿಗೆ ಸಹಿ ಹಾಕುತ್ತಿದ್ದರು.