ಸ್ಕ್ಯಾನ್ ಚೆನ್ನಾಗಿದೆ ಅಂತಾರೆ ಡಾಕ್ಟರ್, ಸಾಕು ಅಂತಾಳೆ ಅಮ್ಮ. ಯಾರ ಮಾತು ಕೇಳಬೇಕು?

ಪ್ರಶ್ನೆ: ಅಮ್ಮನಿಗೆ ನಾಲ್ಕನೇ ಸ್ಟೇಜ್ ಕ್ಯಾನ್ಸರ್. ಗಡ್ಡೆ ಸಣ್ಣದಾಗಿದೆ, ಕೀಮೋ ಮುಂದುವರಿಸೋಣ ಅಂತಾರೆ ಡಾಕ್ಟರ್. ಅಮ್ಮ ಮಾತ್ರ ‘ಎದ್ದು ಓಡಾಡೋಕೂ ಆಗ್ತಿಲ್ಲ, ಸಾಕು’ ಅಂತಾಳೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಆದರೆ ಇಬ್ಬರೂ ನೋಡುತ್ತಿರುವುದು ಬೇರೆ ಬೇರೆ.

ಡಾಕ್ಟರ್ ಕೈಯಲ್ಲಿ ಇರುವುದು ಅಳತೆ. ಗಡ್ಡೆಗಳ ಅಳತೆಯನ್ನು ಕೂಡಿಸಿ ನೋಡಿದಾಗ ಕನಿಷ್ಠ 30% ಇಳಿದಿದ್ದರೆ ರೋಗ ಔಷಧಿಗೆ ಬಗ್ಗಿದೆ ಎಂದು ಲೆಕ್ಕ. ಸುಸ್ತು, ವಾಕರಿಕೆ, ಕೈಕಾಲು ಜೋಮು ಹಿಡಿಯುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಡಾಕ್ಟರ ಖುಷಿ ಸುಳ್ಳಲ್ಲ. ಗಡ್ಡೆ ಕರಗಿದಾಗ ಎಷ್ಟೋ ಜನರಿಗೆ ನೋವು, ಉಸಿರಾಟದ ಕಷ್ಟ ಕಡಿಮೆಯಾಗುತ್ತದೆ.

2000ದಲ್ಲಿ ಅಮೆರಿಕದ ಸಂಶೋಧಕರು ಕೊನೆಗಾಲದಲ್ಲಿ ಯಾವುದು ಮುಖ್ಯ ಎಂದು ಗಂಭೀರ ಕಾಯಿಲೆ ಇದ್ದವರನ್ನೂ ಡಾಕ್ಟರುಗಳನ್ನೂ ಕೇಳಿದರು. ನೋವು ಇರಬಾರದು ಎಂದು ಎಲ್ಲರೂ ಹೇಳಿದರು. ಆದರೆ ಮನಸ್ಸು ಎಚ್ಚರವಾಗಿರಬೇಕು, ಮನೆಯವರಿಗೆ ಹೊರೆಯಾಗಬಾರದು, ದೇವರ ವಿಷಯದಲ್ಲಿ ನೆಮ್ಮದಿ ಇರಬೇಕು ಎಂಬ ಮಾತುಗಳಿಗೆ ರೋಗಿಗಳು ಕೊಟ್ಟಷ್ಟು ತೂಕವನ್ನು ಡಾಕ್ಟರುಗಳು ಕೊಡಲಿಲ್ಲ. ಕೇಳದೆ ಇದ್ದರೆ ಇವು ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. 1990ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಒಂದು ಪ್ರಶ್ನೆ ಹೀಗಿತ್ತು: ಕೀಮೋ ತುಂಬಾ ಕಠಿಣ, ವಾಸಿಯಾಗುವ ಸಾಧ್ಯತೆ ನೂರಕ್ಕೆ ಒಂದೇ ಆದರೂ ತಗೊಳ್ತೀರಾ? ಹೂಂ ಎಂದವರು ರೋಗಿಗಳಲ್ಲೇ ಜಾಸ್ತಿ, ಡಾಕ್ಟರು ಮತ್ತು ನರ್ಸುಗಳಲ್ಲಿ ಬಹಳ ಕಡಿಮೆ. ಅದಕ್ಕೇ ‘ಪಾಪ, ಅವರಿಗೆ ಇಷ್ಟೊಂದು ಹಿಂಸೆ ಯಾಕೆ’ ಎಂದು ನಾವೇ ತೀರ್ಮಾನ ಮಾಡುವುದೂ ತಪ್ಪು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಮಾತಿನ ಎಡವಟ್ಟು. ‘ಔಷಧಿ ಕೆಲಸ ಮಾಡ್ತಿದೆ’ ಎಂದು ಡಾಕ್ಟರ್ ಹೇಳಿದರೆ ರೋಗ ಸದ್ಯಕ್ಕೆ ಹಿಡಿತದಲ್ಲಿದೆ ಎಂದು ಅರ್ಥ. ಮನೆಯವರ ಕಿವಿಗೆ ಅದು ‘ವಾಸಿಯಾಗ್ತಿದೆ’ ಎಂದು ಬೀಳುತ್ತದೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇರೆ ಅಂಗಗಳಿಗೂ ಹರಡಿದ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಂಡವರ ಪೈಕಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 69% ಮಂದಿಗೆ, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 81% ಮಂದಿಗೆ ಆ ಕೀಮೋದಿಂದ ರೋಗ ಪೂರ್ತಿ ವಾಸಿಯಾಗುವ ಸಂಭವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂಬುದು ಅರ್ಥವಾಗಿರಲಿಲ್ಲ. ಗುರಿಯೇ ಸ್ಪಷ್ಟವಿಲ್ಲದಿದ್ದರೆ ಎಷ್ಟು ಕಷ್ಟ ಸಹಿಸಬೇಕು ಎಂದು ತೂಗುವುದು ಹೇಗೆ?

ನಿಮ್ಮ ಅಮ್ಮ ‘ಸಾಕು’ ಅನ್ನುವುದಕ್ಕೂ ಒಂದೇ ಅರ್ಥ ಇರಬೇಕಿಲ್ಲ. ಚಿಕಿತ್ಸೆಯೇ ಬೇಡ ಅನ್ನುತ್ತಿರಬಹುದು. ಈ ಸುಸ್ತು ಮಾತ್ರ ಬೇಡ ಎಂದೂ ಇರಬಹುದು. ಸುಸ್ತೇ ಕಾರಣವಾದರೆ ದಾರಿಗಳಿವೆ: ಡೋಸ್ ಇಳಿಸುವುದು, ಎರಡು ಕೀಮೋ ನಡುವಿನ ಅಂತರ ಹೆಚ್ಚಿಸುವುದು, ಕೆಲವು ವಾರ ನಿಲ್ಲಿಸಿ ನೋಡುವುದು. ರಕ್ತ ಕಡಿಮೆಯಾಗಿದೆಯಾ, ನಿದ್ದೆ ಬರುತ್ತಿದೆಯಾ ಎಂದೂ ನೋಡಬೇಕು. ಆದರೆ ಎಷ್ಟೋ ರೋಗಿಗಳು ಮನೆಯಲ್ಲಿ ಹೇಳಿಕೊಂಡಿದ್ದನ್ನು ಡಾಕ್ಟರ ಮುಂದೆ ಹೇಳುವುದೇ ಇಲ್ಲ. ಕೀಮೋ ನಿಲ್ಲಿಸಿಬಿಟ್ಟಾರು ಎಂಬ ಭಯಕ್ಕೆ ‘ಪರವಾಗಿಲ್ಲ’ ಎಂದು ಸುಮ್ನೆ ಕೂರುತ್ತಾರೆ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸುಸ್ತಿನಂಥ ಕಷ್ಟಗಳನ್ನು ತಗ್ಗಿಸುವ ಆರೈಕೆಯ ವೈದ್ಯರನ್ನೂ ಈಗಲೇ ಕಾಣಿ. ಅದು ಕೈಚೆಲ್ಲಿದ ಮೇಲೆ ಹೋಗುವ ಜಾಗವಲ್ಲ, ಕೀಮೋ ಜೊತೆಗೇ ನಡೆಯುವಂಥದ್ದು. 2010ರಲ್ಲಿ ಬಾಸ್ಟನ್‌ನ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆ ಸಿಕ್ಕವರು ಕೊನೆಯ ದಿನಗಳಲ್ಲಿ ಕಠಿಣ ಚಿಕಿತ್ಸೆ ಪಡೆದಿದ್ದು ಕಡಿಮೆ. ಆದರೂ ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳಿಗಿಂತ ಹೆಚ್ಚು ಬದುಕಿದರು, ಉಳಿದವರಲ್ಲಿ ಅರ್ಧದಷ್ಟು ಜನ 8.9 ತಿಂಗಳಿಗಿಂತ ಹೆಚ್ಚು. ಎಲ್ಲ ಅಧ್ಯಯನಗಳಲ್ಲೂ ಆಯಸ್ಸು ಹೆಚ್ಚಿದ್ದು ಕಂಡಿಲ್ಲ. ದಿನಗಳು ಹಗುರಾಗಿದ್ದು ಮಾತ್ರ ಮತ್ತೆ ಮತ್ತೆ ಕಂಡಿದೆ.

ಮುಂದಿನ ಸಲ ಅಮ್ಮನನ್ನು ಹೊರಗೆ ಕೂರಿಸಿ ನೀವೊಬ್ಬರೇ ಒಳಗೆ ಹೋಗಬೇಡಿ. ಅವರಿಗೆ ಈಗ ಯಾವುದು ಮುಖ್ಯ ಎಂದು ಡಾಕ್ಟರ ಎದುರಿಗೇ ಅವರ ಬಾಯಿಂದ ಬರಲಿ. ಆಮೇಲೆ ಕೇಳಿ: ಕೀಮೋ ಮುಂದುವರಿಸಿದರೆ ಏನು ಸಿಗಬಹುದು, ನಿಲ್ಲಿಸಿದರೆ ಏನಾಗಬಹುದು, ಎಷ್ಟು ವಾರ ಬಿಟ್ಟು ಮತ್ತೆ ಕೂತು ಯೋಚಿಸಬಹುದು? ಅಮ್ಮನಿಗೆ ತಿಳಿದು ತೀರ್ಮಾನಿಸುವ ಶಕ್ತಿ ಇರುವಷ್ಟು ದಿನ ಕೊನೆಯ ಮಾತು ಅವರದೇ. ಇವತ್ತು ಬೇಡ ಎಂದವರು ಮುಂದಿನ ತಿಂಗಳು ಮನಸ್ಸು ಬದಲಿಸಿದರೆ, ಆಗಲೂ ಕೇಳಬೇಕಾದ್ದು ಅವರ ಮಾತನ್ನೇ.