ಯುದ್ಧ ಬೇಡ ಅಂದದ್ದಕ್ಕೆ ಮುಚ್ಚಳಿಕೆ ಯಾಕೆ ಬರೆದುಕೊಡುತ್ತೀರಿ?

2025ರ ಮೇ ತಿಂಗಳು, ಆಪರೇಷನ್ ಸಿಂಧೂರ ನಡೆಯುತ್ತಿದ್ದ ದಿನಗಳು. ನಿವೃತ್ತ ಸೈನಿಕರೊಬ್ಬರು ಮಗನನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದರು. ಹುಡುಗ ವಾಟ್ಸಾಪ್ ಸ್ಟೇಟಸ್‌ನಲ್ಲಿ 'ಯುದ್ಧ ಬೇಡ, ಎರಡೂ ಕಡೆ ಸಾಯೋದು ಬಡವರ ಮಕ್ಕಳೇ' ಎಂದು ಹಾಕಿದ್ದ. ಯಾರೋ ದೂರು ಕೊಟ್ಟರು, ಠಾಣೆಯಿಂದ ಕರೆ ಬಂತು. ಇವನು ಹೆದರಿ ಅಲ್ಲೇ ಒಂದು ಹಾಳೆ ಮುಚ್ಚಳಿಕೆ ಬರೆದುಕೊಟ್ಟಿದ್ದ. ಅದರ ಫೋಟೊ ತೋರಿಸಿದ. ಮೊದಲ ಸಾಲೇ 'ದೇಶದ ವಿರುದ್ಧ ಬರೆದದ್ದು ನನ್ನ ತಪ್ಪು.'

"ಯಾಕಪ್ಪಾ ಹೀಗೆ ಬರೆದೆ?"

"ಯುದ್ಧದ ಟೈಮಲ್ಲಿ ಮಾತಾಡೋ ಹಕ್ಕು ಇರಲ್ಲ ಅಲ್ವಾ ಸರ್?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಗಡಿಯಲ್ಲಿ ಗುಂಡು ಹಾರಿದ ಮಾತ್ರಕ್ಕೆ ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಮಲಗಿಬಿಡುವುದಿಲ್ಲ. ಅದಕ್ಕೆ ರಾಷ್ಟ್ರಪತಿಗಳು 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಿಸಬೇಕು. ಅದೂ ಯುದ್ಧ ಅಥವಾ ಹೊರಗಿನ ಆಕ್ರಮಣದ ಕಾರಣಕ್ಕೇ ಆಗಬೇಕು. ಈ ಬಿಗಿ ಬಂದದ್ದು 1978ರ 44ನೇ ತಿದ್ದುಪಡಿಯಿಂದ. ಚೀನಾ ಯುದ್ಧದಲ್ಲಿ, 1962ರ ಅಕ್ಟೋಬರ್ 26ರಂದು, ಹಾಗೆ ಘೋಷಿಸಿದ್ದರು. 1971ರ ಡಿಸೆಂಬರ್ 3ರಂದೂ ಘೋಷಿಸಿದ್ದರು. 1999ರ ಕಾರ್ಗಿಲ್ ಸಮಯದಲ್ಲಿ ಘೋಷಣೆ ಇರಲಿಲ್ಲ. 2025ರಲ್ಲೂ ಇರಲಿಲ್ಲ. ಟಿವಿಯಲ್ಲಿ ಸೈರನ್ ಕೂಗಿದರೆ ಅದು ಘೋಷಣೆಯಲ್ಲ, ಊರಲ್ಲಿ ಮಾಕ್ ಡ್ರಿಲ್ ಆದರೂ ಅಲ್ಲ. ಘೋಷಣೆ ಆದರೂ ನಿಮ್ಮ ಮಾತು ತಾನಾಗಿ ಅಪರಾಧ ಆಗುವುದಿಲ್ಲ. ಅದನ್ನು ಅಪರಾಧ ಅನ್ನುವ ಕಾನೂನು ಒಂದು ಇರಲೇಬೇಕು.

ಹಾಗಂತ ಏನು ಬೇಕಾದರೂ ಬರೆಯಬಹುದು ಅಂತಲ್ಲ. ಸೇನೆಯ ಲಾರಿಗಳು ಎತ್ತ ಹೋದವು ಎಂದು ವಿಡಿಯೊ ಹಾಕಬೇಡಿ. ಸೈನಿಕರಿಗೆ 'ಆಜ್ಞೆ ಮೀರಿ' ಅನ್ನಬೇಡಿ. ಹಿಂಸೆಗೆ ಕರೆ ಕೊಡಬೇಡಿ. ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ತರುವ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ 152ನೇ ಸೆಕ್ಷನ್‌ನಲ್ಲಿ ಜೀವಾವಧಿವರೆಗೂ ಶಿಕ್ಷೆ ಇದೆ, ಹುಡುಗಾಟದ ವಿಷಯ ಅಲ್ಲ. ಆದರೆ ಸರ್ಕಾರದ ಕ್ರಮ ಸರಿಯಿಲ್ಲ ಅನ್ನುವುದಕ್ಕೂ ಜನರನ್ನು ಹಿಂಸೆಗೆ ಎಬ್ಬಿಸುವುದಕ್ಕೂ ವ್ಯತ್ಯಾಸ ಇದೆ. ಹಳೆಯ ರಾಜದ್ರೋಹದ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ 1962ರಲ್ಲೇ, ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ, ಇದನ್ನು ಹೇಳಿದೆ. ನಮ್ಮ ಪಕ್ಕದ ಕೊಲ್ಹಾಪುರದ ಪ್ರಾಧ್ಯಾಪಕರೊಬ್ಬರು 370ನೇ ವಿಧಿ ತೆಗೆದ ಆಗಸ್ಟ್ 5ನ್ನು ಕರಾಳ ದಿನ ಎಂದು ಸ್ಟೇಟಸ್ ಹಾಕಿದ್ದರು. ಆಗಸ್ಟ್ 14ಕ್ಕೆ ಪಾಕಿಸ್ತಾನಕ್ಕೆ ಶುಭಾಶಯವನ್ನೂ ಹಾಕಿದ್ದರು. ಅವರ ಮೇಲಿನ ಕೇಸನ್ನು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ನಿಮ್ಮ ಕೇಸೂ ಹೀಗೇ ಬಿದ್ದುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಪದ, ಸಂದರ್ಭ, ಉದ್ದೇಶ ಎಲ್ಲವನ್ನೂ ಕೋರ್ಟ್ ನೋಡುತ್ತದೆ. ಅಲ್ಲಿಯವರೆಗೆ ಅಲೆಯುವ ಕಷ್ಟವೂ ಸಣ್ಣದಲ್ಲ.

ಅದಕ್ಕೇ ಮುಚ್ಚಳಿಕೆ ಬರೆಯುವ ಮುಂಚೆ ವಕೀಲರಿಗೆ ಒಂದು ಫೋನ್ ಮಾಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ, ನಿಜ. ಅದನ್ನೇ ಕ್ಷಮೆ ಕೇಳುವ ವಿಡಿಯೊ ಮಾಡಿ ಊರಿಗೆಲ್ಲ ಹಂಚಿದರೆ ಆ ರಕ್ಷಣೆ ಸಿಗುತ್ತದೆ ಎಂಬ ಭರವಸೆ ನಾನು ಕೊಡಲಾರೆ.

ಆ ದಿನ ನಾವು ಹೊಸ ಹೇಳಿಕೆ ಟೈಪ್ ಮಾಡಿದೆವು. ಹಾಕಿದ್ದ ಸಾಲು ಇದ್ದ ಹಾಗೇ, ಹಾಕಿದ ಹೊತ್ತು, ಜೊತೆಗೆ ಸ್ಕ್ರೀನ್‌ಶಾಟ್, ಅಷ್ಟೇ. 'ತಪ್ಪು' ಅನ್ನುವ ಪದ ಎಲ್ಲೂ ಇರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಗನ ಜೊತೆ ತಾವೂ ಠಾಣೆಗೆ ಹೋಗಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದರು.