ಹಳೆಯ ಡೆಸ್ಕ್‌ಟಾಪ್ ಆನ್ ಆಗುತ್ತಿಲ್ಲ: ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

"ಕಂಪ್ಯೂಟರ್ ಆನ್ ಆಗ್ತಿಲ್ಲ" ಅಂದ ತಕ್ಷಣ ಬಿಡಿಭಾಗ ಬದಲಾಯಿಸಲು ಹೊರಡಬೇಡಿ. ಮೊದಲು ಕೇಳಬೇಕಾದ್ದು ಒಂದೇ: ಎಲ್ಲಿವರೆಗೆ ಹೋಗಿ ನಿಂತಿತು? ಫ್ಯಾನ್ ತಿರುಗಿತಾ? ಬೀಪ್ ಬಂತಾ? ಸ್ಕ್ರೀನ್ ಮೇಲೆ ಒಂದಾದರೂ ಅಕ್ಷರ ಮೂಡಿತಾ? ಈ ಉತ್ತರಗಳು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹಳೆಯ ಯಂತ್ರದಲ್ಲಿ ಎಲ್ಲ ಭಾಗಕ್ಕೂ ವಯಸ್ಸಾಗಿರುತ್ತದೆ, ನೋಡಿದ್ದೆಲ್ಲ ಕೆಟ್ಟಿರುವಂತೆ ಕಾಣುತ್ತದೆ. ಹಾಗಾಗಿ ಕ್ರಮ ತಪ್ಪಿಸಬಾರದು.

ಯಂತ್ರ ಏಳುವ ಕ್ರಮ ಹೀಗಿದೆ, ಹುಡುಕುವುದೂ ಇದೇ ಕ್ರಮದಲ್ಲಿ. ಪ್ಲಗ್ ಹಾಕಿರುವಷ್ಟು ಹೊತ್ತೂ ಎಸ್‌ಎಂಪಿಎಸ್‌ನಿಂದ (ಯಂತ್ರಕ್ಕೆ ಕರೆಂಟ್ ಕೊಡುವ ಡಬ್ಬಿ) ಮದರ್‌ಬೋರ್ಡ್‌ಗೆ (ಎಲ್ಲ ಭಾಗ ಜೋಡಿಸುವ ಮುಖ್ಯ ಬೋರ್ಡ್) 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಬೋರ್ಡ್ ಒಂದು ತಂತಿಯನ್ನು ಗ್ರೌಂಡ್‌ಗೆ ಇಳಿಸುತ್ತದೆ. ಎಸ್‌ಎಂಪಿಎಸ್‌ಗೆ ಅದೇ ಸೂಚನೆ. ಆಗ ಅದು 12, 5 ಮತ್ತು 3.3 ವೋಲ್ಟ್ ಹೊರಡಿಸುತ್ತದೆ. ಅವು ಸ್ಥಿರವಾದ ಮೇಲೆ, 100ರಿಂದ 500 ಮಿಲಿಸೆಕೆಂಡ್ ಒಳಗೆ, 'ಪವರ್ ಗುಡ್' ಎಂಬ ಸಿಗ್ನಲ್ ಕೊಡುತ್ತದೆ. ಅದು ಬರುವ ತನಕ ಪ್ರೊಸೆಸರ್ ಅಲುಗಾಡುವುದಿಲ್ಲ. ಬಂದ ಮೇಲೆ ಬಯಾಸ್ (ಬೋರ್ಡ್‌ನ ಚಿಪ್‌ನಲ್ಲಿರುವ ಆರಂಭದ ಪ್ರೋಗ್ರಾಂ) ಓದಿಕೊಂಡು ಮೆಮೊರಿ, ಡಿಸ್‌ಪ್ಲೇ, ಕೀಬೋರ್ಡ್ ಪರೀಕ್ಷೆ ಮಾಡುತ್ತದೆ. ಈ ಸ್ವಯಂ ಪರೀಕ್ಷೆಗೇ ಪೋಸ್ಟ್ ಎನ್ನುತ್ತಾರೆ. ಆಮೇಲೆ ಡಿಸ್ಕ್ ಹುಡುಕುವುದು, ಕೊನೆಗೆ ಆಪರೇಟಿಂಗ್ ಸಿಸ್ಟಂ.

ಕ್ಯಾಬಿನೆಟ್ ತೆರೆಯುವ ಮುಂಚೆ ಪ್ಲಗ್ ಕೀಳಿ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತದೆ. ಬೋರ್ಡ್ ಮುಟ್ಟುವ ಮುಂಚೆ ಕ್ಯಾಬಿನೆಟ್‌ನ ಬರಿಯ ಲೋಹ ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ (ಚಾರ್ಜ್ ಹಿಡಿದಿಡುವ ಬಿಡಿಭಾಗ) 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು, ಪ್ಲಗ್ ಕಿತ್ತ ಮೇಲೂ.

ಏನೂ ಆಗುತ್ತಿಲ್ಲ ಎಂದಾಗ

ಲೈಟ್ ಇಲ್ಲ, ಫ್ಯಾನ್ ಇಲ್ಲ, ಶಬ್ದ ಇಲ್ಲ. ಸಾಕೆಟ್, ಪವರ್ ಕೇಬಲ್, ಎಸ್‌ಎಂಪಿಎಸ್ ಹಿಂಭಾಗದ ಸ್ವಿಚ್ ಮೊದಲು ನೋಡಿ. ಹಳೆಯವುಗಳಲ್ಲಿ 115/230 ಎಂಬ ಕೆಂಪು ಸ್ವಿಚ್ ಇನ್ನೊಂದಿರುತ್ತದೆ. 230 ವೋಲ್ಟ್ ಇರುವಲ್ಲಿ ಅದನ್ನು 115ಕ್ಕೆ ಸರಿಸಿ ಆನ್ ಮಾಡಿದರೆ ಎಸ್‌ಎಂಪಿಎಸ್ ಸುಟ್ಟೇ ಹೋಗುತ್ತದೆ, ಸುಮ್ನೆ ಕೈಯಾಡಿಸಬೇಡಿ.

ಇವೆಲ್ಲ ಸರಿ ಇದ್ದರೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ತೆಗೆಯಿರಿ. ನನ್ನ ಮಟ್ಟಿಗೆ ಇಡೀ ಕಲಿಕೆಯಲ್ಲಿ ತುಂಬ ಬೆಲೆಬಾಳುವ ಪಾಠ ಇದು. ಪ್ಲಗ್ ಮತ್ತೆ ಹಾಕಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಬೋರ್ಡ್‌ನ ದೊಡ್ಡ ಪವರ್ ಕನೆಕ್ಟರ್, 20 ಅಥವಾ 24 ಪಿನ್‌ನದು, ಚುಚ್ಚಿರುವಂತೆಯೇ ಇರಲಿ. ತಂತಿ ಒಳಗೆ ಹೋಗುವ ಹಿಂಬದಿಯಿಂದ ಮೀಟರ್‌ನ ಕಪ್ಪು ಪ್ರೋಬನ್ನು ಕಪ್ಪು ತಂತಿಯ ಜಾಗಕ್ಕೆ ಇಳಿಸಿ. ಕೆಂಪು ಪ್ರೋಬ್ ನೇರಳೆ ತಂತಿಗೆ. ಯಂತ್ರ ಆಫ್ ಇದ್ದಾಗಲೂ ಇಲ್ಲಿ ಸುಮಾರು 5 ವೋಲ್ಟ್ ಬರಲೇಬೇಕು. ಬರದಿದ್ದರೆ ಕನೆಕ್ಟರ್ ಬಿಡಿಸಿ ಇನ್ನೊಮ್ಮೆ ಅಳೆಯಿರಿ. ಆಗಲೂ ಇಲ್ಲದಿದ್ದರೆ ಎಸ್‌ಎಂಪಿಎಸ್ ಹೋಗಿದೆ. ಆಗ ಬಂದರೆ ಬೋರ್ಡ್ ಎಲ್ಲೋ ಅದನ್ನು ಶಾರ್ಟ್ ಮಾಡುತ್ತಿದೆ.

ನೇರಳೆ ಸರಿ ಇದ್ದರೆ ಪ್ರೋಬನ್ನು ಹಸಿರು ತಂತಿಗೆ ಸರಿಸಿ. ಬಟನ್ ಒತ್ತುವ ಮುಂಚೆ ಇಲ್ಲಿ ಕೆಲವು ವೋಲ್ಟ್ ಇರುತ್ತದೆ. ಈಗ ಮೀಟರ್ ನೋಡುತ್ತಲೇ ಬಟನ್ ಒತ್ತಿ. ರೀಡಿಂಗ್ ಹತ್ತಿರಹತ್ತಿರ ಸೊನ್ನೆಗೆ ಇಳಿಯಿತು, ಆದರೂ ಫ್ಯಾನ್ ತಿರುಗಲಿಲ್ಲ ಅಂದರೆ ಬೋರ್ಡ್ ತನ್ನ ಕೆಲಸ ಮಾಡಿದೆ, ಎಸ್‌ಎಂಪಿಎಸ್ ಏಳುತ್ತಿಲ್ಲ. ರೀಡಿಂಗ್ ಇಳಿಯಲೇ ಇಲ್ಲ ಅಂದರೆ ಬಟನ್ ಅಥವಾ ಬೋರ್ಡ್ ಮೇಲೆ ಅನುಮಾನ. ಬಟನ್‌ನ ಎರಡು ಎಳೆ ತಂತಿ ಬೋರ್ಡ್‌ನ ಅಂಚಿನ ಪಿನ್‌ಗಳಿಗೆ ಬಂದಿರುತ್ತದೆ. ಅದನ್ನು ಕಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್‌ಗಳನ್ನು ಒಂದು ಕ್ಷಣ ಮುಟ್ಟಿಸಿ. ಯಂತ್ರ ಎದ್ದರೆ ಕೆಟ್ಟಿದ್ದು ಬಟನ್ ಅಷ್ಟೇ! ಕೆಲವು ಹಳೆಯ ಬ್ರಾಂಡೆಡ್ ಯಂತ್ರಗಳಲ್ಲಿ ತಂತಿಯ ಬಣ್ಣ, ಪಿನ್ ಜೋಡಣೆ ಬೇರೆ ಇರುತ್ತದೆ. ಅಂಥ ಕಡೆ ಆ ಮಾಡೆಲ್‌ನ ಕೈಪಿಡಿ ನೋಡದೆ ಅಳೆಯಲು ಹೋಗಬೇಡಿ.

ಫ್ಯಾನ್ ಒಂದರ್ಧ ಸುತ್ತು ತಿರುಗಿ ಗಪ್ಪನೆ ನಿಲ್ಲುವುದೂ ಉಂಟು. ಎಲ್ಲೋ ಶಾರ್ಟ್ ಇದ್ದು ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಂಡಾಗ ಹೀಗಾಗುತ್ತದೆ. ಪ್ರತಿ ಸಲ ಪ್ಲಗ್ ಕಿತ್ತು ಡಿಸ್ಕ್, ಡ್ರೈವ್, ಕಾರ್ಡ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ ಮಾತ್ರ ಲಕ್ಷಣ ಬೇರೆ: ಯಂತ್ರ ಎದ್ದು, ಸುಮಾರು 4 ಸೆಕೆಂಡ್ ಓಡಿ, ಆಫ್ ಆಗುತ್ತದೆ.

ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು

ಫ್ಯಾನ್ ತಿರುಗಿತು ಅಂದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದು ಬಹಳ ಜನ ತೀರ್ಮಾನಿಸುತ್ತಾರೆ. ಫ್ಯಾನ್ ಓಡಿದ್ದರಿಂದ ಗೊತ್ತಾಗುವುದು 12 ವೋಲ್ಟ್ ಹೆಚ್ಚುಕಡಿಮೆ ಬರುತ್ತಿದೆ ಅಂತ, ಅಷ್ಟೇ. ಯಂತ್ರ ಓಡುತ್ತಿರುವಾಗ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಒಳಗಿರಬೇಕು. ಬೂದು ತಂತಿ ಪವರ್ ಗುಡ್‌ನದು, ಅಲ್ಲಿ 5ರ ಹತ್ತಿರ ಬರಬೇಕು. ಪ್ರೊಸೆಸರ್ ಪಕ್ಕದ 4 ಪಿನ್‌ನ ಪ್ರತ್ಯೇಕ ಪವರ್ ಕನೆಕ್ಟರನ್ನೂ ಒತ್ತಿ ನೋಡಿ. ಅದು ಸಡಿಲವಾದರೆ ಫ್ಯಾನೆಲ್ಲ ಓಡುತ್ತದೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ.

ಮುಂದೆ ರ‍್ಯಾಮ್. ಮೆಮೊರಿ ಕಡ್ಡಿ ಎಂದರೂ ಇದೇ. ಹಳೆಯ ಯಂತ್ರದಲ್ಲಿ ಇದರ ಪಾತ್ರ ದೊಡ್ಡದು. ಪ್ಲಗ್ ಕಿತ್ತು, ಎರಡೂ ಬದಿಯ ಲಾಕ್ ಬಿಡಿಸಿ ಕಡ್ಡಿ ತೆಗೆಯಿರಿ. ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರ್‌ನಿಂದ ಹಗುರವಾಗಿ ಒರೆಸಿ, ಪುಡಿ ಕೊಡವಿ. ಸ್ಲಾಟ್ ದೂಳು ಊದಿ ತೆಗೆಯುವಾಗ ಬ್ಲೋವರ್ ಬಳಸಿ, ಬಾಯಿಂದ ಊದಿದರೆ ತೇವ ಒಳಗೆ ಹೋಗುತ್ತದೆ. ಒಂದೇ ಕಡ್ಡಿ ಹಾಕಿ ಪರೀಕ್ಷಿಸಿ, ಆಮೇಲೆ ಸ್ಲಾಟ್ ಬದಲಿಸಿ, ಆಮೇಲೆ ಕಡ್ಡಿ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನೋದೇ ತಿಳಿಯುವುದಿಲ್ಲ, ಅಲ್ವಾ?

ಬೋರ್ಡ್‌ಗೆ ಚಿಕ್ಕ ಸ್ಪೀಕರ್ ಇದೆಯೇ ನೋಡಿ, ಇಲ್ಲದಿದ್ದರೆ ಒಂದು ಹಾಕಿ. ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡ್ ತೊಂದರೆ. ಬಯಾಸ್ ಕಂಪನಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಆದ್ದರಿಂದ ಕೋಡ್ ಬಾಯಿಪಾಠ ಮಾಡುವುದಕ್ಕಿಂತ ಇನ್ನೊಂದು ಉಪಾಯ ಕಲಿಯಿರಿ. ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ. ಬೋರ್ಡ್ ಬೀಪ್ ಮಾಡಿ ದೂರಿದರೆ ಪ್ರೊಸೆಸರ್, ಬಯಾಸ್ ಎರಡೂ ಜೀವಂತ. ಸ್ಪೀಕರ್ ಸರಿ ಇದ್ದೂ ಪೂರ್ತಿ ಮೌನವಾದರೆ ತೊಂದರೆ ಇನ್ನೂ ಹಿಂದಿನ ಹಂತದಲ್ಲಿದೆ: ಪವರ್, ಬೋರ್ಡ್, ಪ್ರೊಸೆಸರ್, ಇಲ್ಲವೇ ಬಯಾಸ್ ಚಿಪ್.

ಸ್ಕ್ರೀನ್ ಕಪ್ಪಗಿದ್ದಾಗ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ. ಲೈಟ್ ಹತ್ತಿ ಆರಿದರೆ ಯಂತ್ರ ಒಳಗೆ ಓಡುತ್ತಿದೆ. ಮಾನಿಟರ್, ಕೇಬಲ್, ಡಿಸ್‌ಪ್ಲೇ ಕಾರ್ಡ್ ಕಡೆ ಹೋಗಿ.

ಬೋರ್ಡ್ ಮೇಲೆ ಟಾರ್ಚ್ ಹಾಕಿ ಪ್ರೊಸೆಸರ್ ಸುತ್ತಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳನ್ನೂ ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಕಲೆ ಇಳಿದಿದ್ದರೆ ಅದು ಸತ್ತಂತೆಯೇ. 2000ರ ದಶಕದ ಮೊದಲ ವರ್ಷಗಳ ಬೋರ್ಡ್‌ಗಳಲ್ಲಿ ಇದು ಲೋಕವೆಲ್ಲ ಕಂಡ ಪಿಡುಗು, ಕೆಪಾಸಿಟರ್ ಒಳಗಿನ ದ್ರವವೇ ಕಳಪೆಯಾಗಿತ್ತು. ತಣ್ಣಗಿದ್ದಾಗ ನಾಲ್ಕಾರು ಸಲ ಒತ್ತಿದರೆ ಮಾತ್ರ ಏಳುವ, ಬಿಸಿಯಾದ ಮೇಲೆ ಸರಿಯಾಗಿ ಓಡುವ ಯಂತ್ರ ಕಂಡರೆ ಬೋರ್ಡ್‌ನ ಅಥವಾ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಮೇಲೇ ಮೊದಲ ಅನುಮಾನ ಇರಲಿ.

ಅಕ್ಷರ ಬಂತು, ವಿಂಡೋಸ್ ಬರಲಿಲ್ಲ

ಚೆಕ್‌ಸಮ್ ಎರರ್ (ಉಳಿಸಿಟ್ಟ ಸೆಟ್ಟಿಂಗ್ ತಾಳೆಯಾಗುತ್ತಿಲ್ಲ ಎಂಬ ಸಂದೇಶ) ಬಂದು, ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಬೋರ್ಡ್ ಮೇಲಿನ ಸಿಆರ್ 2032 ಬ್ಯಾಟರಿ ಬದಲಿಸಿ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ. ಬ್ಯಾಟರಿ ಸತ್ತಾಗ ಬಯಾಸ್ ಸೆಟ್ಟಿಂಗ್ ಎಲ್ಲ ಮೂಲಕ್ಕೆ ಮರಳುತ್ತದೆ, ಡಿಸ್ಕ್‌ನ ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ಬಗೆ) ಕೂಡ. ಎಎಚ್‌ಸಿಐ ಎಂಬ ಮೋಡ್‌ನಲ್ಲಿ ಹಾಕಿದ ವಿಂಡೋಸ್ ಐಡಿಇ ಎಂಬ ಇನ್ನೊಂದು ಮೋಡ್‌ನಲ್ಲಿ ಎದ್ದರೆ ನೀಲಿ ಸ್ಕ್ರೀನ್ ಬರಬಹುದು, ಕೋಡ್ 7ಬಿ ಎಂದು ಮುಗಿಯುತ್ತದೆ. ಇದನ್ನು ನೋಡಿ ಎಷ್ಟೋ ಜನ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕುತ್ತಾರೆ. ಒಳಗಿನ ಫೋಟೋ, ದಾಖಲೆ ಎಲ್ಲ ಹೋಗುತ್ತದೆ. ಬಯಾಸ್‌ಗೆ ಹೋಗಿ ಆ ಒಂದು ಮೋಡ್ ಬದಲಿಸಿದ್ದರೆ ಸಾಕಿತ್ತು.

ಬೂಟ್ ಡಿವೈಸ್ ಇಲ್ಲ ಎಂಬ ಸಂದೇಶ ಬಂದರೆ ಮೊದಲು ಚುಚ್ಚಿರುವ ಪೆನ್‌ಡ್ರೈವ್ ಕೀಳಿ, ಆಮೇಲೆ ಬೂಟ್ ಕ್ರಮ ನೋಡಿ. ಬಯಾಸ್ ಪಟ್ಟಿಯಲ್ಲಿ ಡಿಸ್ಕ್‌ನ ಹೆಸರೇ ಇಲ್ಲದಿದ್ದರೆ ಕೇಬಲ್ ಬದಲಿಸಿ, ಇನ್ನೊಂದು ಪೋರ್ಟ್‌ಗೆ ಹಾಕಿ. ಡಿಸ್ಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಮಾತ್ರ ಪದೇ ಪದೇ ಆನ್ ಮಾಡಬೇಡಿ, ರಿಪೇರಿ ಸಾಫ್ಟ್‌ವೇರ್ ಕೂಡ ಓಡಿಸಬೇಡಿ. ಒಳಗಿನ ದತ್ತಾಂಶ ಬೇಕೇ ಬೇಕು ಅಂದರೆ ಆ ಡಿಸ್ಕನ್ನು ಯಂತ್ರದಿಂದ ಹೊರತೆಗೆದು, ಡೇಟಾ ರಿಕವರಿ ಬಲ್ಲವರ ಕೈಗೆ ಕೊಡಿ.